ಕರುಳಿನ ಕ್ಯಾನ್ಸರ್, ಕೀಮೋ ಮತ್ತು ಕಿಣ್ವಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ವಯಸ್ಸಿನ ಇಬ್ಬರು. ಒಂದೇ ಹಂತದ ಕ್ಯಾನ್ಸರ್, ಒಂದೇ ಔಷಧ, ಒಂದೇ ಡೋಸ್. ಒಬ್ಬರು ಕೀಮೋ ಮುಗಿಸಿ ನಾಲ್ಕನೇ ದಿನಕ್ಕೆ ಎದ್ದು ಓಡಾಡುತ್ತಾರೆ. ಇನ್ನೊಬ್ಬರು ಎರಡನೇ ವಾರಕ್ಕೆ ಐಸಿಯು ಸೇರುತ್ತಾರೆ. "ಅವರವರ ದೇಹಪ್ರಕೃತಿ" ಎಂದು ಹೇಳಿ ಸುಮ್ಮನಾಗುವ ಕಾಲ ಒಂದಿತ್ತು. ಆ ಪ್ರಕೃತಿಯಲ್ಲಿ ಒಂದಷ್ಟು ಪಾಲಿಗೆ ಈಗ ಹೆಸರಿದೆ. ಅಳೆಯುವ ದಾರಿಯೂ ಇದೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ಗೆ ಕೊಡುವ ಔಷಧಗಳ ವಿಷಯದಲ್ಲಂತೂ ಈ ಮಾತು ತುಂಬಾ ನಿಜ.

ಕೀಮೋ ಔಷಧಕ್ಕೂ ಕಿಣ್ವಕ್ಕೂ ಏನು ಸಂಬಂಧ?

ಕಿಣ್ವ, ಅಂದರೆ ಎಂಜೈಮ್, ದೇಹದ ಕೆಲಸಗಾರ. ಒಂದು ಪದಾರ್ಥವನ್ನು ಇನ್ನೊಂದಾಗಿ ಬದಲಿಸುವುದು ಅದರ ಕಸುಬು. ಊಟ ಅರಗಿಸುವ ಕಿಣ್ವಗಳು ಎಲ್ಲರಿಗೂ ಗೊತ್ತು. ಜೀವಕೋಶದ ಒಳಗೂ ಸಾವಿರಾರು ಇವೆ. ದೇಹಕ್ಕೆ ಔಷಧವೂ ಹೊರಗಿನಿಂದ ಬಂದ ಒಂದು ಪದಾರ್ಥ, ಅಷ್ಟೇ. ಹಾಗಾಗಿ ಕಿಣ್ವಗಳು ಅದನ್ನೂ ಬಿಡುವುದಿಲ್ಲ.

ಅವು ಔಷಧಕ್ಕೆ ಎರಡು ರೀತಿ ಕೈ ಹಾಕುತ್ತವೆ. ಕೆಲವು ಅದನ್ನು ಒಡೆದು ಹೊರಗೆ ಸಾಗಿಸುತ್ತವೆ. ಕೆಲವು ನಿದ್ದೆಯಲ್ಲಿರುವ ಔಷಧವನ್ನು ಎಬ್ಬಿಸುತ್ತವೆ, ಅಂದರೆ ಕೆಲಸ ಮಾಡುವ ರೂಪಕ್ಕೆ ತರುತ್ತವೆ. ಒಡೆಯುವ ಕಿಣ್ವ ಸೋಮಾರಿಯಾದರೆ ಔಷಧ ದೇಹದಲ್ಲೇ ಉಳಿದು ವಿಷವಾಗುತ್ತದೆ. ಎಬ್ಬಿಸುವ ಕಿಣ್ವ ಸೋಮಾರಿಯಾದರೆ ಡೋಸ್ ಪೂರ್ತಿ ಹೋಗಿದ್ದರೂ ಪರಿಣಾಮ ಕಡಿಮೆ. ಕೀಮೋದಲ್ಲಿ ಗುಣ ಮಾಡುವ ಡೋಸ್‌ಗೂ ಹಾನಿ ಮಾಡುವ ಡೋಸ್‌ಗೂ ನಡುವೆ ಅಂತರ ತೀರಾ ಕಡಿಮೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತಲೆನೋವಿನ ಮಾತ್ರೆಯಲ್ಲಿ ನಡೆದುಹೋಗುವ ಹೆಚ್ಚುಕಡಿಮೆ ಇಲ್ಲಿ ನಡೆಯುವುದಿಲ್ಲ.

5-ಎಫ್‌ಯು ಎಂದರೇನು? ಅಷ್ಟು ಹಳೇ ಔಷಧ ಇನ್ನೂ ಯಾಕೆ?

ಪೂರ್ತಿ ಹೆಸರು 5-ಫ್ಲೋರೋಯುರಾಸಿಲ್. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಜೊತೆಗಾರರು 1957ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಇಲಿಗಳ ಲಿವರ್ ಗೆಡ್ಡೆಗಳು ಯುರಾಸಿಲ್ ಎಂಬ ಪದಾರ್ಥವನ್ನು ಮಾಮೂಲಿ ಅಂಗಾಂಶಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತವೆ ಎಂದು ಅದಕ್ಕೆ ಮೊದಲೇ ಕಂಡುಬಂದಿತ್ತು. ಯುರಾಸಿಲ್ ಎಂದರೆ ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು. ಅದರ ಒಂದು ಹೈಡ್ರೋಜನ್ ತೆಗೆದು ಫ್ಲೋರಿನ್ ಕೂರಿಸಿದರು. ನೋಡಲು ಆಹಾರದ ಹಾಗೆಯೇ ಇರುವ ವಿಷ ಸಿದ್ಧವಾಯಿತು. ಕ್ಯಾನ್ಸರ್ ಕೋಶ ನಂಬಿ ನುಂಗುತ್ತದೆ.

ಒಳಗೆ ಹೋದ 5-ಎಫ್‌ಯು ಅಲ್ಲಿನ ಕಿಣ್ವಗಳ ಕೈಯಲ್ಲಿ ರೂಪ ಬದಲಿಸುತ್ತದೆ. ಒಂದು ರೂಪ ಥೈಮಿಡಿಲೇಟ್ ಸಿಂಥೇಸ್ ಎಂಬ ಕಿಣ್ವಕ್ಕೆ ಅಂಟಿಕೊಂಡು ಬಿಡುವುದೇ ಇಲ್ಲ. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ಸರಬರಾಜಿಗೆ ಈ ಕಿಣ್ವವೇ ಮುಖ್ಯ. ಅದು ನಿಂತರೆ ಕೋಶ ಎರಡಾಗಲು ಆಗುವುದಿಲ್ಲ. ಇನ್ನೆರಡು ರೂಪಗಳು ಆರ್‌ಎನ್‌ಎ, ಡಿಎನ್‌ಎ ಒಳಗೇ ನುಸುಳಿ ಅಲ್ಲಿ ಕೆಡಿಸುತ್ತವೆ. ಅಂದರೆ ಈ ಔಷಧ ಒಂದು ಕಿಣ್ವದಿಂದ ತಯಾರಾಗಿ ಇನ್ನೊಂದು ಕಿಣ್ವವನ್ನು ಕೊಲ್ಲುತ್ತದೆ. ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧದ ಜೊತೆ ಸೇರಿದರೆ ಆ ಚಿಕಿತ್ಸೆಯ ಹೆಸರು ಫೋಲ್‌ಫಾಕ್ಸ್, ಇರಿನೊಟೆಕಾನ್ ಎಂಬ ಮತ್ತೊಂದರ ಜೊತೆ ಸೇರಿದರೆ ಫೋಲ್‌ಫಿರಿ. ಎರಡರ ಬೆನ್ನೆಲುಬೂ ಇದೇ.

ಲ್ಯೂಕೊವೊರಿನ್ ಅಂತ ಇನ್ನೊಂದು ಬಾಟಲಿ ಹಾಕುತ್ತಾರೆ. ಅದೂ ಕೀಮೋನಾ?

ಅಲ್ಲ. ಅದು ಫೋಲಿಕ್ ಆಸಿಡ್‌ನ ಹತ್ತಿರದ ಸಂಬಂಧಿ. ತನ್ನಷ್ಟಕ್ಕೆ ಕ್ಯಾನ್ಸರ್ ಕೊಲ್ಲುವುದಿಲ್ಲ. ಆದರೆ 5-ಎಫ್‌ಯು ಥೈಮಿಡಿಲೇಟ್ ಸಿಂಥೇಸ್‌ಗೆ ಗಟ್ಟಿಯಾಗಿ ಅಂಟಬೇಕಾದರೆ ಫೋಲೇಟ್ ಅಲ್ಲಿ ಇರಬೇಕು. ಲ್ಯೂಕೊವೊರಿನ್ ಆ ಅಂಟು.

ಇದರಿಂದಲೇ ಇನ್ನೊಂದು ವಿಷಯ ಹೊರಡುತ್ತದೆ. "ಶಕ್ತಿಗೆ ಇರಲಿ" ಎಂದು ಸುಮ್ನೆ ಫೋಲಿಕ್ ಆಸಿಡ್ ಮಾತ್ರೆ ನುಂಗುವವರಿದ್ದಾರೆ. ಕೀಮೋ ಜೊತೆ ಅದು ಅಡ್ಡಪರಿಣಾಮ ಹೆಚ್ಚಿಸಬಹುದು. ಡಾಕ್ಟರ್ ಬರೆದಿಲ್ಲ ಎಂದರೆ ಬೇಡ. ಮಲ್ಟಿವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಡಬ್ಬಿಯನ್ನೇ ತಂದು ತೋರಿಸಿ.

ಪಂಪ್ ಕಟ್ಟಿಕೊಂಡು ಎರಡು ದಿನ ಯಾಕೆ ಇರಬೇಕು? ಒಂದೇ ಸಲ ಚುಚ್ಚಿದರೆ ಆಗದೇ?

ರಕ್ತಕ್ಕೆ ಸೇರಿದ 5-ಎಫ್‌ಯು ಹತ್ತು ಇಪ್ಪತ್ತು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದಷ್ಟು ಹೊತ್ತಿಗೆ ಆ ಅರ್ಧದಲ್ಲಿ ಅರ್ಧ. ಒಂದು ತೊಟ್ಟಿಯ ತೂಬು ತೆರೆದೇ ಇದೆ ಎಂದುಕೊಳ್ಳಿ. ಒಂದು ಕೊಡ ಸುರಿದರೆ ಕ್ಷಣ ತುಂಬಿ ಖಾಲಿಯಾಗುತ್ತದೆ. ಸಣ್ಣ ನಲ್ಲಿಯನ್ನು ಬಿಟ್ಟೇ ಇಟ್ಟರೆ ಮಟ್ಟ ನಿಲ್ಲುತ್ತದೆ. 46 ಗಂಟೆಯ ಪಂಪ್ ಆ ಸಣ್ಣ ನಲ್ಲಿ. ಕೋಶಗಳೆಲ್ಲ ಒಂದೇ ಹೊತ್ತಿಗೆ ಎರಡಾಗುವುದಿಲ್ಲ ಅಲ್ವಾ? ಅವು ಡಿಎನ್‌ಎ ಕಟ್ಟಲು ಕೂತಾಗ ಔಷಧ ಅಲ್ಲಿರಬೇಕು.

ಆ ತೂಬು ಯಾವುದು?

ಈ ಪುಟದ ಮುಖ್ಯ ಪ್ರಶ್ನೆ ಇದೇ. ತೂಬಿನ ಹೆಸರು ಡೈಹೈಡ್ರೋಪಿರಿಮಿಡಿನ್ ಡಿಹೈಡ್ರೋಜನೇಸ್. ಎಲ್ಲರೂ ಡಿಪಿಡಿ ಎನ್ನುತ್ತಾರೆ. ಮುಖ್ಯವಾಗಿ ಲಿವರ್‌ನಲ್ಲಿ ಇರುತ್ತದೆ. ಕೊಟ್ಟ 5-ಎಫ್‌ಯುವಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲನ್ನು ಇದೊಂದೇ ಕಿಣ್ವ ಒಡೆದು ಹಾಕುತ್ತದೆ. ಕ್ಯಾನ್ಸರ್ ಕೋಶಕ್ಕೆ ತಲುಪಿ ಕೆಲಸ ಮಾಡುವುದು ಉಳಿದ ಸಣ್ಣ ಪಾಲು. ವೈದ್ಯರು ಬರೆಯುವ ಡೋಸ್ ಈ ಸೋರಿಕೆಯನ್ನು ಲೆಕ್ಕ ಹಿಡಿದೇ ಇಟ್ಟ ಡೋಸ್.

ತೂಬು ಅರ್ಧ ಕಟ್ಟಿಕೊಂಡಿದ್ದರೆ? ಸಣ್ಣ ನಲ್ಲಿಯಿಂದಲೇ ತೊಟ್ಟಿ ಉಕ್ಕುತ್ತದೆ. ಡಿಪಿಡಿ ತಯಾರಿಸುವ ಜೀನ್‌ಗೆ ಡಿಪಿವೈಡಿ ಎಂದು ಹೆಸರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬಂದಿರುತ್ತದೆ. ಒಂದು ಪ್ರತಿ ಕೆಟ್ಟಿದ್ದರೆ ಕಿಣ್ವದ ಕೆಲಸ ಸುಮಾರು ಅರ್ಧಕ್ಕೆ ಇಳಿಯಬಹುದು. ಎರಡೂ ಕೆಟ್ಟಿದ್ದರೆ ಹೆಚ್ಚೂಕಡಿಮೆ ಸೊನ್ನೆ. ಯುರೋಪಿನ ಮೂಲದವರಲ್ಲಿ ಭಾಗಶಃ ಕೊರತೆ ನೂರಕ್ಕೆ 3ರಿಂದ 8 ಜನರಲ್ಲಿ ಇದೆ ಎಂಬ ಲೆಕ್ಕವಿದೆ. ಪೂರ್ತಿ ಕೊರತೆ ಬಹಳ ಅಪರೂಪ, ಆದರೆ ಅಂಥವರಿಗೆ ಮಾಮೂಲಿ ಡೋಸ್ ಜೀವ ತೆಗೆಯಬಲ್ಲದು.

ಇಷ್ಟು ವರ್ಷ ಆರೋಗ್ಯವಾಗಿದ್ದವರಿಗೆ ಹುಟ್ಟಿನಿಂದ ಕೊರತೆ ಇತ್ತು ಎಂದರೆ ಹೇಗೆ ನಂಬುವುದು?

ಭಾಗಶಃ ಕೊರತೆ ಇರುವವರಿಗೆ ದಿನನಿತ್ಯದ ಬದುಕಿನಲ್ಲಿ ಏನೂ ಗೊತ್ತಾಗುವುದಿಲ್ಲ. ದೇಹದಲ್ಲೇ ಹುಟ್ಟುವ ಯುರಾಸಿಲ್ ಒಡೆಯಲು ಅರ್ಧ ಕಿಣ್ವ ಧಾರಾಳ ಸಾಕು. ಪೂರ್ತಿ ಕೊರತೆ ಇರುವ ಕೆಲವು ಮಕ್ಕಳಿಗೆ ಫಿಟ್ಸ್, ಬೆಳವಣಿಗೆಯ ತೊಂದರೆ ಕಾಣಿಸುತ್ತದೆ. ಆದರೆ ಪೂರ್ತಿ ಕೊರತೆ ಇದ್ದೂ ಆರಾಮಾಗಿ ದೊಡ್ಡವರಾದವರೂ ಇದ್ದಾರೆ. ಅವರ ಲಿವರ್ ಪರೀಕ್ಷೆ, ಕಿಡ್ನಿ ಪರೀಕ್ಷೆ ಎಲ್ಲ ಸರಿಯಾಗೇ ಬರುತ್ತದೆ. 5-ಎಫ್‌ಯು ಒಳಗೆ ಹೋದ ದಿನವೇ ಗುಟ್ಟು ರಟ್ಟಾಗುವುದು.

ಮೊದಲೇ ಪತ್ತೆ ಮಾಡಬಹುದೇ?

ಮಾಡಬಹುದು. ಎರಡು ದಾರಿ ಇವೆ, ಎರಡಕ್ಕೂ ರಕ್ತ ಸಾಕು.

ಒಂದು ಜೀನ್ ಪರೀಕ್ಷೆ. ಡಿಪಿವೈಡಿ ಜೀನ್‌ನಲ್ಲಿ ಹಾನಿ ಮಾಡುತ್ತವೆ ಎಂದು ಖಚಿತವಾಗಿರುವ ನಾಲ್ಕು ಬದಲಾವಣೆಗಳನ್ನು ಸಾಮಾನ್ಯವಾಗಿ ಹುಡುಕುತ್ತಾರೆ. ವರದಿಯಲ್ಲಿ *2ಎ, *13, ಹ್ಯಾಪ್-ಬಿ3 ಎಂದೆಲ್ಲ ಇರುವುದು ಇವುಗಳೇ. ಇನ್ನೊಂದು ರಕ್ತದಲ್ಲಿ ಯುರಾಸಿಲ್ ಎಷ್ಟಿದೆ ಎಂದು ನೋಡುವುದು. ಡಿಪಿಡಿ ಸೋಮಾರಿಯಾಗಿದ್ದರೆ ಒಡೆಯದ ಯುರಾಸಿಲ್ ರಕ್ತದಲ್ಲಿ ಗುಡ್ಡೆ ಬೀಳುತ್ತದೆ. ಒಂದು ಮಿಲಿಲೀಟರಿಗೆ 16 ನ್ಯಾನೋಗ್ರಾಮ್ ದಾಟಿದರೆ ಭಾಗಶಃ ಕೊರತೆಯ ಅನುಮಾನ, 150 ದಾಟಿದರೆ ಪೂರ್ತಿ ಕೊರತೆಯ ಅನುಮಾನ. ಈ ಪರೀಕ್ಷೆಗೆ ಒಂದು ಸೂಕ್ಷ್ಮ ಇದೆ. ರಕ್ತ ತೆಗೆದು ಹಾಗೇ ಇಟ್ಟುಬಿಟ್ಟರೆ ಟ್ಯೂಬ್ ಒಳಗೇ ಯುರಾಸಿಲ್ ಏರುತ್ತದೆ. ಬೇಗ ತಣ್ಣಗೆ ಮಾಡಿ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಬೇರೆ ಮಾಡದಿದ್ದರೆ ಸುಳ್ಳು ಕೊರತೆ ಕಾಣುತ್ತದೆ.

ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಚಿಕಿತ್ಸೆ ಶುರುವಾಗುವ ಮೊದಲೇ ಈ ಪರೀಕ್ಷೆ ಮಾಡಿಸಿ ಎಂದು ಶಿಫಾರಸು ಮಾಡಿತು. ಎಲ್ಲ ಕಡೆ ಇದು ಕಡ್ಡಾಯವಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಡೋಸ್‌ಗೆ ಮುನ್ನ "ಡಿಪಿಡಿ ಟೆಸ್ಟ್ ಮಾಡಿಸೋಣವೇ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಪಡಬೇಡಿ. ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಗೆ ಒಂದೇ ಸಲ ಮಾಡಿಸುವ ಪರೀಕ್ಷೆ ಅದು.

ಜೀನ್ ವರದಿ ನಾರ್ಮಲ್ ಬಂದರೆ ನಿಶ್ಚಿಂತೆಯಾಗಿ ಇರಬಹುದಾ?

ಪೂರ್ತಿ ಇಲ್ಲ. ಆ ನಾಲ್ಕು ಬದಲಾವಣೆಗಳು ಮುಖ್ಯವಾಗಿ ಯುರೋಪಿನ ಜನರಲ್ಲಿ ಕಂಡು ಪಟ್ಟಿಗೆ ಸೇರಿದವು. ಉದಾಹರಣೆಗೆ ಆಫ್ರಿಕಾ ಮೂಲದವರಲ್ಲಿ ಕಾಣುವ ಮತ್ತೊಂದು ಬದಲಾವಣೆ ಇದೆ, ವೈ186ಸಿ ಎಂದು. ನಾಲ್ಕರ ಪಟ್ಟಿಯಲ್ಲಿ ಅದು ಇಲ್ಲ. ಹುಡುಕದ್ದು ಸಿಗುವುದೂ ಇಲ್ಲ. ಜೊತೆಗೆ, ಜೋರಾದ ಅಡ್ಡಪರಿಣಾಮ ಆದವರಲ್ಲಿ ಹಲವರಿಗೆ ಡಿಪಿಡಿ ಸರಿಯಾಗೇ ಇರುತ್ತದೆ. ವಯಸ್ಸು, ಕಿಡ್ನಿ, ಪೋಷಣೆ, ಜೊತೆಗಿರುವ ಬೇರೆ ಔಷಧ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಾರ್ಮಲ್ ವರದಿ ಒಂದು ದೊಡ್ಡ ಅಪಾಯವನ್ನು ತಗ್ಗಿಸುತ್ತದೆ. ಮೊದಲ ಸೈಕಲ್‌ನಲ್ಲಿ, ಅಂದರೆ ಕೀಮೋದ ಮೊದಲ ಸುತ್ತಿನಲ್ಲಿ, ಕಣ್ಣಿಟ್ಟಿರುವ ಕೆಲಸ ತಪ್ಪುವುದಿಲ್ಲ.

ಕೊರತೆ ಇದೆ ಎಂದು ಬಂದರೆ ಕೀಮೋನೇ ಇಲ್ಲವೇ?

ಹಾಗೇನಿಲ್ಲ. ಭಾಗಶಃ ಕೊರತೆ ಇದ್ದವರಿಗೆ ಸಾಮಾನ್ಯವಾಗಿ ಅರ್ಧ ಡೋಸ್‌ನಿಂದ ಶುರು ಮಾಡುತ್ತಾರೆ. ತಡೆದುಕೊಂಡರೆ ನಿಧಾನವಾಗಿ ಏರಿಸುತ್ತಾರೆ. ಕೆಲವು ಕಡೆ ರಕ್ತದಲ್ಲಿ 5-ಎಫ್‌ಯು ಮಟ್ಟ ಅಳೆದು ಏರಿಸುವ ಪದ್ಧತಿ ಇದೆ.

ಇಲ್ಲಿ ಮನೆಯವರಿಗೆ ಒಂದು ಭಯ: ಅರ್ಧ ಡೋಸ್ ಎಂದರೆ ಅರ್ಧ ಚಿಕಿತ್ಸೆ ಅಲ್ಲವೇ? ಅಲ್ಲ. ತೂಬು ಅರ್ಧ ಮುಚ್ಚಿದ್ದರೆ ಅರ್ಧ ನೀರಿಗೇ ತೊಟ್ಟಿ ತುಂಬುತ್ತದೆ. ಅವರ ಕ್ಯಾನ್ಸರ್ ಕೋಶಕ್ಕೆ ಸಿಗುವ ಔಷಧ ಬೇರೆಯವರ ಪೂರ್ತಿ ಡೋಸ್‌ಗೆ ಹತ್ತಿರವೇ ಇರುತ್ತದೆ. ಪೂರ್ತಿ ಕೊರತೆ ಇದ್ದವರಿಗೆ ಮಾತ್ರ ಈ ಗುಂಪಿನ ಔಷಧವನ್ನೇ ಬಿಟ್ಟು ಬೇರೆ ದಾರಿ ಹುಡುಕುತ್ತಾರೆ.

ಡ್ರಿಪ್ ಬದಲು ಕ್ಯಾಪೆಸಿಟಬೀನ್ ಮಾತ್ರೆ ತೆಗೆದುಕೊಂಡರೆ ಈ ತಲೆನೋವು ತಪ್ಪುತ್ತದೆಯೇ?

ತಪ್ಪುವುದಿಲ್ಲ. ಮಾತ್ರೆಯಾದರೂ ಕೊನೆಗೆ ಆಗುವುದು 5-ಎಫ್‌ಯುವೇ. "ಮಾತ್ರೆ ತಾನೇ, ಮೃದು ಇರುತ್ತೆ" ಎಂಬ ನಂಬಿಕೆ ತುಂಬಾ ಕಡೆ ಇದೆ. ಅದನ್ನು ಬಿಡುವುದು ಒಳ್ಳೆಯದು.

ಆದರೆ ಇದರ ಪ್ರಯಾಣ ಸೊಗಸಾಗಿದೆ. ನುಂಗಿದ ಮಾತ್ರೆ ಹಾಗೇ ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಲಿವರ್‌ನಲ್ಲಿ ಕಾರ್ಬಾಕ್ಸಿಲೆಸ್ಟರೇಸ್ ಎಂಬ ಕಿಣ್ವ ಮೊದಲ ಗಂಟು ಬಿಚ್ಚುತ್ತದೆ. ಲಿವರ್‌ನಲ್ಲೂ ಗೆಡ್ಡೆಯಲ್ಲೂ ಇರುವ ಸೈಟಿಡಿನ್ ಡಿಅಮಿನೇಸ್ ಎರಡನೇ ಗಂಟು ಬಿಚ್ಚುತ್ತದೆ. ಮೂರನೆಯದನ್ನು ಬಿಚ್ಚುವುದು ಥೈಮಿಡಿನ್ ಫಾಸ್ಫರಿಲೇಸ್. ಇದು ಹಲವು ಗೆಡ್ಡೆಗಳಲ್ಲಿ ಪಕ್ಕದ ಮಾಮೂಲಿ ಅಂಗಾಂಶಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ 5-ಎಫ್‌ಯು ಗೆಡ್ಡೆಯ ಹತ್ತಿರವೇ ಹೆಚ್ಚು ತಯಾರಾಗುತ್ತದೆ. ಶತ್ರುವಿನ ಮನೆಯ ಕೆಲಸಗಾರನಿಂದಲೇ ವಿಷ ಅರೆಸುವ ಉಪಾಯ. ತಯಾರಾದ ಮೇಲೆ ಒಡೆಯಲು ಮತ್ತೆ ಅದೇ ಡಿಪಿಡಿ ಬೇಕು. ಅದಕ್ಕೇ ಪರೀಕ್ಷೆ ಮಾತ್ರೆಗೂ ಅಷ್ಟೇ ಮುಖ್ಯ.

ಊಟವಾಗಿ ಅರ್ಧ ಗಂಟೆಯೊಳಗೆ ನೀರಿನ ಜೊತೆ ನುಂಗಬೇಕು. ಅಂಗೈ ಅಂಗಾಲು ಕೆಂಪಾಗಿ ಉರಿಯುವುದು, ಸಿಪ್ಪೆ ಏಳುವುದು ಈ ಮಾತ್ರೆಯಲ್ಲಿ ಸಾಮಾನ್ಯ. ಕಿಡ್ನಿ ದುರ್ಬಲವಾಗಿದ್ದರೆ ಡೋಸ್ ಇಳಿಸಬೇಕು, ತೀರಾ ದುರ್ಬಲವಾಗಿದ್ದರೆ ಕೊಡುವುದೇ ಇಲ್ಲ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ಪಾಲು ನುಂಗಬೇಡಿ.

ಇರಿನೊಟೆಕಾನ್ ಕೊಟ್ಟರೆ ಅಷ್ಟೊಂದು ಭೇದಿ ಯಾಕೆ?

ಇದರ ಕಥೆ ಚೀನಾದ ಒಂದು ಮರದಿಂದ ಶುರುವಾಗುತ್ತದೆ. ಕ್ಯಾಂಪ್ಟೋಥೀಕಾ ಅಕ್ಯುಮಿನಾಟಾ ಎಂಬ ಮರದಿಂದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1966ರಲ್ಲಿ ಕ್ಯಾಂಪ್ಟೋಥೆಸಿನ್ ಬೇರ್ಪಡಿಸಿದರು. ಅದನ್ನೇ ತಿದ್ದಿ ಜಪಾನಿನಲ್ಲಿ ಇರಿನೊಟೆಕಾನ್ ಮಾಡಿದರು.

ಇರಿನೊಟೆಕಾನ್ ಕೂಡ ನಿದ್ದೆಯಲ್ಲಿರುವ ಔಷಧ. ಕಾರ್ಬಾಕ್ಸಿಲೆಸ್ಟರೇಸ್ ಅದನ್ನು ಎಬ್ಬಿಸಿ ಎಸ್‌ಎನ್-38 ಎಂಬ ರೂಪಕ್ಕೆ ತರುತ್ತದೆ. ಇದು ಮೂಲ ಔಷಧಕ್ಕಿಂತ ನೂರಾರು ಪಟ್ಟು ಖಾರ. ಕೆಲಸ ಮುಗಿದ ಎಸ್‌ಎನ್-38ಕ್ಕೆ ಲಿವರ್‌ನಲ್ಲಿ ಯುಜಿಟಿ1ಎ1 ಎಂಬ ಕಿಣ್ವ ಸಕ್ಕರೆಯಂಥ ಒಂದು ಮೂಟೆ ಕಟ್ಟಿ ಅದರ ಹಲ್ಲು ಕೀಳುತ್ತದೆ. ಪಿತ್ತರಸದ ಜೊತೆ ಅದು ಕರುಳಿಗೆ ಇಳಿಯುತ್ತದೆ. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕರುಳಿನ ಬ್ಯಾಕ್ಟೀರಿಯಾಗಳ ಬಳಿ ಬೀಟಾ-ಗ್ಲುಕುರೋನಿಡೇಸ್ ಎಂಬ ಕಿಣ್ವ ಇದೆ. ಅವುಗಳಿಗೆ ಆ ಸಕ್ಕರೆ ಬೇಕು. ಮೂಟೆ ಬಿಚ್ಚಿಕೊಳ್ಳುತ್ತವೆ, ಎಸ್‌ಎನ್-38ಕ್ಕೆ ಮತ್ತೆ ಹಲ್ಲು ಬರುತ್ತದೆ. ಕರುಳಿನ ಒಳಪದರ ಸುಡುತ್ತದೆ. ಒಂದು ದಿನ ಕಳೆದ ಮೇಲೆ ಶುರುವಾಗುವ ಜೋರು ಭೇದಿಗೆ ಇದು ದೊಡ್ಡ ಕಾರಣ. ಇದಕ್ಕೆ ಲೋಪೆರಮೈಡ್ ಬರೆದುಕೊಟ್ಟಿರುತ್ತಾರೆ. ಹೇಗೆ, ಎಷ್ಟು ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಭೇದಿ ಶುರುವಾದ ಮೇಲಲ್ಲ.

ಡ್ರಿಪ್ ನಡೆಯುವಾಗಲೇ ಅಥವಾ ಅದೇ ದಿನ ಬರುವ ಭೇದಿ, ಬೆವರು, ಹೊಟ್ಟೆ ನುಲಿತ ಬೇರೆ ಜಾತಿಯದು. ಅಲ್ಲಿ ಇರಿನೊಟೆಕಾನ್ ನರಗಳ ಒಂದು ಕಿಣ್ವವನ್ನು ತಡೆದಿರುತ್ತದೆ. ಅದಕ್ಕೆ ಅಟ್ರೋಪಿನ್ ಮದ್ದು.

ಗಿಲ್ಬರ್ಟ್ ಸಿಂಡ್ರೋಮ್ ಇದೆ. ಹೇಳಬೇಕಾ?

ಖಂಡಿತ ಹೇಳಿ. ಉಪವಾಸವಿದ್ದಾಗ, ಜ್ವರ ಬಂದಾಗ ಕಣ್ಣು ಸ್ವಲ್ಪ ಹಳದಿಯಾಗುವವರು ಕೆಲವರಿದ್ದಾರೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಏರುತ್ತದೆ, ಉಳಿದದ್ದೆಲ್ಲ ಸರಿ ಇರುತ್ತದೆ. ಕಾಮಾಲೆ ಎಂದು ಔಷಧ ಮಾಡಿಸಿಕೊಂಡವರೂ ಉಂಟು. ಅವರಲ್ಲಿ ಸೋಮಾರಿಯಾಗಿರುವುದು ಇದೇ ಯುಜಿಟಿ1ಎ1. ಬಿಲಿರುಬಿನ್‌ಗೂ ಎಸ್‌ಎನ್-38ಕ್ಕೂ ಮೂಟೆ ಕಟ್ಟುವ ಕೆಲಸಗಾರ ಒಬ್ಬನೇ.

ಈ ಜೀನ್‌ನ ಶುರುವಿನಲ್ಲಿ ಟಿಎ ಎಂಬ ಜೋಡಿ ಅಕ್ಷರ ಆರು ಸಲ ಬರಬೇಕು. ಕೆಲವರಲ್ಲಿ ಏಳು ಸಲ ಬರುತ್ತದೆ. ಅದಕ್ಕೆ *28 ಎಂದು ಹೆಸರು. ಎರಡೂ ಪ್ರತಿ ಹೀಗಿದ್ದರೆ ಕಿಣ್ವದ ತಯಾರಿ ಕಡಿಮೆ, ಬಿಳಿ ರಕ್ತಕಣ ಕುಸಿಯುವ ಅಪಾಯ ಜಾಸ್ತಿ. ಪೂರ್ವ ಏಷ್ಯಾದವರಲ್ಲಿ *6 ಎಂಬ ಇನ್ನೊಂದು ಬದಲಾವಣೆ ಮುಖ್ಯ. ಅಮೆರಿಕದಲ್ಲಿ 2005ರಿಂದಲೇ ಔಷಧದ ಮಾಹಿತಿ ಪತ್ರದಲ್ಲಿ ಈ ಎಚ್ಚರಿಕೆ ಇದೆ.

ಆಕ್ಸಾಲಿಪ್ಲಾಟಿನ್ ಒಡೆಯುವ ಕಿಣ್ವ ಯಾವುದು?

ಯಾವುದೂ ಇಲ್ಲ ಎನ್ನಬಹುದು. ರಕ್ತದಲ್ಲಿ ತಾನಾಗಿಯೇ ರೂಪ ಬದಲಿಸುತ್ತದೆ, ಕಿಡ್ನಿ ಮೂಲಕ ಹೋಗುತ್ತದೆ. ಕೈಕಾಲು ಜುಮ್ಮೆನ್ನುವುದು, ತಣ್ಣೀರು ಮುಟ್ಟಿದರೆ ಶಾಕ್ ಹೊಡೆದ ಹಾಗಾಗುವುದು ನರಗಳ ವಿಷಯ. ಡಿಪಿಡಿಗೆ ಸಂಬಂಧವಿಲ್ಲ.

ಕೊನೆ ಹಂತದಲ್ಲಿ ಕೊಡುವ ಟ್ರೈಫ್ಲುರಿಡಿನ್–ಟಿಪಿರಾಸಿಲ್ ಮಾತ್ರೆಗೂ ಡಿಪಿಡಿ ಬೇಕೇ?

ಬೇಡ. ಇಲ್ಲಿ ಒಂದು ತಮಾಷೆ ಇದೆ. ಕ್ಯಾಪೆಸಿಟಬೀನ್ ಅನ್ನು ಎಬ್ಬಿಸಿದ ಥೈಮಿಡಿನ್ ಫಾಸ್ಫರಿಲೇಸ್ ನೆನಪಿದೆಯಲ್ಲ, ಅದೇ ಕಿಣ್ವ ಟ್ರೈಫ್ಲುರಿಡಿನ್‌ಗೆ ಶತ್ರು. ಸಿಕ್ಕ ಕೂಡಲೇ ಒಡೆದು ಹಾಕುತ್ತದೆ. ಆ ಕಿಣ್ವದ ಕೈ ಕಟ್ಟಲೆಂದೇ ಅದೇ ಮಾತ್ರೆಯಲ್ಲಿ ಟಿಪಿರಾಸಿಲ್ ಸೇರಿಸಿದ್ದಾರೆ. ಒಂದು ಕಡೆ ನೆಂಟ, ಇನ್ನೊಂದು ಕಡೆ ಕಳ್ಳ.

ಬೇರೆ ಕಾಯಿಲೆಯ ಮಾತ್ರೆಗಳನ್ನು ಜೊತೆಗೆ ತೆಗೆದುಕೊಳ್ಳಬಹುದೇ?

1993ರಲ್ಲಿ ಜಪಾನಿನಲ್ಲಿ ನಡೆದದ್ದನ್ನು ಕೇಳಿದರೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಸರ್ಪಸುತ್ತಿಗೆ ಸೊರಿವುಡಿನ್ ಎಂಬ ಹೊಸ ಮಾತ್ರೆ ಮಾರುಕಟ್ಟೆಗೆ ಬಂತು. ಅದು ಕರುಳಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಬದಲಾಗಿ ಡಿಪಿಡಿಯನ್ನು ಶಾಶ್ವತವಾಗಿ ಕಟ್ಟಿಹಾಕುತ್ತಿತ್ತು. 5-ಎಫ್‌ಯು ಗುಂಪಿನ ಕೀಮೋದಲ್ಲಿದ್ದ ಕ್ಯಾನ್ಸರ್ ರೋಗಿಗಳಿಗೂ ಅದನ್ನು ಕೊಟ್ಟರು. ಕೆಲವೇ ವಾರಗಳಲ್ಲಿ 15 ಜನ ಸತ್ತರು. ಅವರ ಜೀನ್‌ನಲ್ಲಿ ದೋಷವಿರಬೇಕೆಂದೇ ಇರಲಿಲ್ಲ. ಒಂದು ಮಾತ್ರೆ ಆ ದೋಷವನ್ನು ತಯಾರಿಸಿ ಕೊಟ್ಟಿತು. ಅದರ ಸಂಬಂಧಿ ಬ್ರಿವುಡಿನ್ ಕೆಲವು ದೇಶಗಳಲ್ಲಿ ಇನ್ನೂ ಇದೆ. ಅದಕ್ಕೂ ಕೀಮೋಗೂ ನಡುವೆ ಕನಿಷ್ಠ ನಾಲ್ಕು ವಾರ ಬಿಡಬೇಕು. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಸೈಟೊಸಿನ್ ದೇಹದಲ್ಲಿ ಸ್ವಲ್ಪ ಮಟ್ಟಿಗೆ 5-ಎಫ್‌ಯುವೇ ಆಗುತ್ತದೆ.

ರಕ್ತ ತೆಳುವಾಗಿಸುವ ವಾರ್ಫರಿನ್ ಮತ್ತು ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕ್ಯಾಪೆಸಿಟಬೀನ್ ಜೊತೆ ರಕ್ತದಲ್ಲಿ ಏರುತ್ತವೆ. ಇರಿನೊಟೆಕಾನ್‌ಗೆ ಸಿವೈಪಿ3ಎ4 ಎಂಬ ಇನ್ನೊಂದು ಲಿವರ್ ಕಿಣ್ವವೂ ಸಂಬಂಧ. ಶಿಲೀಂಧ್ರ ಸೋಂಕಿನ ಔಷಧ ಕೀಟೊಕೊನಜೋಲ್ ಅದನ್ನು ತಡೆದು ವಿಷ ಏರಿಸುತ್ತದೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಅದನ್ನು ಕೆರಳಿಸಿ ಔಷಧದ ಬಲ ಇಳಿಸುತ್ತದೆ. "ಗಿಡಮೂಲಿಕೆ ತಾನೇ, ಏನಾಗುತ್ತೆ" ಎಂಬ ಮಾತಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಡ.

ಗೆಡ್ಡೆಯ ಒಳಗಿನ ಕಿಣ್ವಗಳನ್ನೇ ಅಳೆದು ಔಷಧ ಆರಿಸಬಹುದಲ್ಲ?

ಯೋಚನೆ ಹಳೆಯದು, ಚೆಂದದ್ದೂ ಹೌದು. ಗೆಡ್ಡೆಯಲ್ಲಿ ಥೈಮಿಡಿಲೇಟ್ ಸಿಂಥೇಸ್ ಜಾಸ್ತಿ ಇದ್ದರೆ 5-ಎಫ್‌ಯು ಸಾಲದೆ ಹೋಗಬಹುದು, ಡಿಪಿಡಿ ಜಾಸ್ತಿ ಇದ್ದರೆ ಒಡೆದು ಹಾಕಬಹುದು. ಹಲವು ಅಧ್ಯಯನಗಳು ಇದನ್ನು ಹಿಂಬಾಲಿಸಿದವು. ಫಲಿತಾಂಶ ಒಂದಕ್ಕೊಂದು ಹೊಂದಲಿಲ್ಲ. ಹಾಗಾಗಿ ದಿನನಿತ್ಯದ ಚಿಕಿತ್ಸೆಯಲ್ಲಿ ಇದನ್ನು ಬಳಸುವುದಿಲ್ಲ. ಅಡ್ಡಪರಿಣಾಮ ಯಾರಿಗೆ ಆಗುತ್ತದೆ ಎಂದು ಹೇಳುವುದರಲ್ಲಿ ಕಿಣ್ವಗಳು ಗೆದ್ದಿವೆ. ಔಷಧ ಯಾರಿಗೆ ನಾಟುತ್ತದೆ ಎಂದು ಹೇಳುವುದರಲ್ಲಿ ಇನ್ನೂ ಇಲ್ಲ.

ಅಡ್ಡಪರಿಣಾಮವೇ ಆಗಲಿಲ್ಲ. ಔಷಧ ಹತ್ತುತ್ತಿಲ್ಲವೇ?

ಹಾಗೆ ತೀರ್ಮಾನಿಸಬೇಡಿ. ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಹೇಳಬೇಕಾದ ಮಾತು ಅದು.

ಮೊದಲ ಸೈಕಲ್‌ನಲ್ಲಿ ಯಾವುದಕ್ಕೆ ಹೆದರಬೇಕು?

ಕೊರತೆ ಇದ್ದವರಲ್ಲಿ ತೊಂದರೆ ಬೇಗ ಮತ್ತು ಒಟ್ಟೊಟ್ಟಿಗೆ ಬರುತ್ತದೆ. ನೀರು ಕುಡಿಯಲೂ ಆಗದಷ್ಟು ಬಾಯಿ ಹುಣ್ಣು. ನಿಲ್ಲದ ಭೇದಿ. 38 ಡಿಗ್ರಿ ದಾಟಿದ ಜ್ವರ. ತೂಕಡಿಕೆ, ತೊದಲು, ಗೊಂದಲ. ಎದೆನೋವು ಬಂದರೆ ಅದೂ 5-ಎಫ್‌ಯು ಕೆಲಸವಿರಬಹುದು, ಹೃದಯದ ರಕ್ತನಾಳ ಹಿಡಿದುಕೊಳ್ಳುತ್ತದೆ. ಇವುಗಳಲ್ಲಿ ಯಾವುದೇ ಇದ್ದರೂ ಮಾತ್ರೆ ನಿಲ್ಲಿಸಿ, ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. "ಕೀಮೋ ಅಂದ್ರೆ ಹೀಗೇ ಇರುತ್ತೆ" ಎಂದು ಮನೆಯಲ್ಲಿ ಎರಡು ದಿನ ಕಾದವರು ಕಳೆದುಕೊಂಡದ್ದು ಆ ಎರಡು ದಿನಗಳನ್ನೇ.

ಕಾಯಬಾರದು ಎನ್ನಲು ಗಟ್ಟಿ ಕಾರಣ ಇದೆ. ಯುರಿಡಿನ್ ಟ್ರೈಅಸಿಟೇಟ್ ಎಂಬ ಪ್ರತಿಮದ್ದಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. 5-ಎಫ್‌ಯು ಆರ್‌ಎನ್‌ಎ ಒಳಗೆ ನುಸುಳುವ ಜಾಗವನ್ನು ಅದು ಮೊದಲೇ ಹಿಡಿದು ಕೂರುತ್ತದೆ. ಆದರೆ ಕೊನೆಯ ಡೋಸ್ ಮುಗಿದ 96 ಗಂಟೆಯೊಳಗೆ ಕೊಡಬೇಕು. ಎಲ್ಲ ಕಡೆ ಸಿಗುವ ಮದ್ದೂ ಅಲ್ಲ. ಅಂಥ ಕಡೆ ಡ್ರಿಪ್, ಆಂಟಿಬಯೋಟಿಕ್, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್‌ಗಳಿಂದಲೇ ದಾಟಿಸಬೇಕು.

ಆಹಾರದಿಂದ ಡಿಪಿಡಿ ಹೆಚ್ಚಿಸಿಕೊಳ್ಳಬಹುದೇ?

ಆಗುವುದಿಲ್ಲ. ಹಾಗೆಂದು ಮಾರುವವರಿದ್ದರೆ ದೂರ ಇರಿ.

ಕೊರತೆ ಇದೆ ಎಂದು ಗೊತ್ತಾಯಿತು. ಅಣ್ಣ ತಮ್ಮಂದಿರು, ಮಕ್ಕಳು ಏನು ಮಾಡಬೇಕು?

ಈಗಲೇ ಏನೂ ಮಾಡಬೇಕಿಲ್ಲ, ಆದರೆ ಅವರಿಗೆ ಗೊತ್ತಿರಬೇಕು. ಒಂದು ಪ್ರತಿ ಕೆಟ್ಟಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಒಡಹುಟ್ಟಿದವರಿಗೂ ಕಡಿಮೆ ಎಂದರೆ ಅಷ್ಟೇ ಸಾಧ್ಯತೆ. ಈ ಔಷಧವನ್ನು ಹೊಟ್ಟೆ, ಸ್ತನ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳಿಗೂ ಕೊಡುತ್ತಾರೆ. ವರದಿಯ ಒಂದು ಪ್ರತಿಯನ್ನು ಅವರ ಫೋನಿಗೂ ಕಳಿಸಿಬಿಡಿ. ಮೂಲ ಪ್ರತಿಯನ್ನು ಕೀಮೋ ಫೈಲಿನ ಮೊದಲ ಹಾಳೆಯಾಗಿ ಇಡಿ. ಆಸ್ಪತ್ರೆ ಬದಲಾದರೆ ಹೊಸ ಡಾಕ್ಟರ ಕಣ್ಣಿಗೆ ಮೊದಲು ಅದೇ ಬೀಳಬೇಕು.